ನಾಲ್ಕು ತಂಬಿಗೆ ನೀರು

“ಗುರುಗಳೇ, ಹಳ್ಳ ಕಾಯುವ ಕೂಟವೊಂದಿದೆ. ಹಲವು ಊರಿನವರು ಸೇರಿ ನಡೆಸುತ್ತಾರೆ. ಇಷ್ಟು ವರ್ಷದಲ್ಲಿ ಅವರ ನಡುವೆ ಒಂದು ಜಗಳವೂ ಆಗಿಲ್ಲವಂತೆ. ಅಂಥ ಒಳ್ಳೆಯವರ ಜೊತೆ ಸೇರಿಕೊಳ್ಳಬೇಕೆಂದು ನನಗೆ ಆಸೆ. ಹೋಗಲೇ?” ಎಂದು ಶಿಷ್ಯ ಕೇಳಿದ.

“ಹಳ್ಳ ಹೇಗಿದೆ?” ಎಂದರು ಗುರು.

“ಅದನ್ನು ವಿಚಾರಿಸಲಿಲ್ಲ.”

“ಹಾಗಾದರೆ ಕೂತುಕೋ” ಎಂದು ಗುರು ಕತೆ ಹೇಳಿದರು.

ಒಂದು ಹಳ್ಳ. ಅದರ ದಡದಲ್ಲಿ ನಾಲ್ಕು ಊರು. ಬೆಟ್ಟದ ಮೇಲಿನ ಊರಿನಲ್ಲಿ ಕುರಿಗಾಹಿಗಳು. ಅದರ ಕೆಳಗೆ ರೈತರು. ಅದರ ಕೆಳಗೆ ನೂಲಿಗೆ ಬಣ್ಣ ಹಾಕುವವರು. ಕೊನೆಗೆ ಹಳ್ಳ ಒಂದು ಕೆರೆಗೆ ಸೇರುತ್ತಿತ್ತು. ಆ ಕೆರೆಯ ಏರಿಯ ಪಕ್ಕದಲ್ಲಿ ಮೀನುಗಾರರ ಊರು.

ಹಿಂದೆ ಈ ನಾಲ್ಕು ಊರಿನವರೂ ನೀರಿಗಾಗಿ ತಲೆ ಒಡೆದುಕೊಂಡವರು. ಇದು ಮಾತಿಗೆ ಹೇಳಿದ್ದಲ್ಲ, ಒಡೆದ ತಲೆಗಳಿದ್ದವು. ಕೊನೆಗೆ ಬೇಸತ್ತು ಊರಿಗೊಬ್ಬರಂತೆ ನಾಲ್ವರು ಕೂತು ಒಂದು ಕೂಟ ಕಟ್ಟಿದರು. ಬೆಟ್ಟದಿಂದ ಒಬ್ಬ ಮುದುಕ ಕುರಿಗಾಹಿ, ಅವನ ಕೆಳಗಿನ ಊರಿನಿಂದ ಒಬ್ಬ ರೈತ, ಆಮೇಲೆ ಒಬ್ಬ ಬಣ್ಣಗಾರ, ಕೆರೆಯೂರಿನಿಂದ ಒಬ್ಬ ಮೀನುಗಾರ್ತಿ. ಕೆರೆಯೂರಿನವರು ಹೆಂಗಸನ್ನೇ ಯಾಕೆ ಕಳಿಸಿದರೆಂದರೆ, ಆ ಊರಿನ ಗಂಡಸರು ಹೋದಲ್ಲೆಲ್ಲ ಹೊಡೆದಾಡಿಕೊಂಡೇ ಬರುತ್ತಿದ್ದರು.

ಕೂಟಕ್ಕೆ ಇದ್ದದ್ದು ಒಂದೇ ನಿಯಮ. ಅಮಾವಾಸ್ಯೆಗೊಮ್ಮೆ ನಾಲ್ವರೂ ನಡುದಾರಿಯ ಕಲ್ಲುಮಂಟಪದಲ್ಲಿ ಸೇರಬೇಕು. ಹಳ್ಳ ತಮ್ಮ ಊರನ್ನು ದಾಟಿ ಹೋಗುವ ಜಾಗದಿಂದ ಪ್ರತಿಯೊಬ್ಬರೂ ಒಂದು ತಂಬಿಗೆ ನೀರು ತರಬೇಕು. ಅದನ್ನು ತಮ್ಮ ಕೆಳಗಿನ ಊರಿನವರ ಕೈಗೆ ಕೊಡಬೇಕು. ತೆಗೆದುಕೊಂಡವರು ಅದನ್ನು ಎಲ್ಲರೆದುರು ಕುಡಿದು, ಹೇಗಿದೆ ಎಂದು ಹೇಳಬೇಕು. ಮಿಕ್ಕ ಮಾತೆಲ್ಲ ಆಮೇಲೆ.

ಕೊನೆಯ ಊರಿನವಳು ಯಾರಿಗೆ ಕೊಡಬೇಕೆಂಬ ಪ್ರಶ್ನೆ ಬಂತು. ತನಗೇ ಕೊಡಲಿ ಎಂದು ಮುದುಕ ಹೇಳಿದ. “ಹಳ್ಳವಂತೂ ಬೆಟ್ಟ ಹತ್ತಿ ಬರುವುದಿಲ್ಲ. ನಾನು ಬಿಟ್ಟ ನೀರು ಕೊನೆಗೆ ಏನಾಗುತ್ತದೆ ಅಂತ ನನಗೂ ಗೊತ್ತಾಗಬೇಡವೇ?”

ಮೊದಲ ವರ್ಷಗಳಲ್ಲಿ ಕುಡಿದವರೆಲ್ಲ ಉಗಿದರು. ರೈತ ಉಗಿದು, “ಏನಜ್ಜ, ಇದರಲ್ಲಿ ನೀರಿಗಿಂತ ಹಿಕ್ಕೆಯೇ ಹೆಚ್ಚಿದೆ” ಎಂದ. ಮುದುಕ ಸಿಟ್ಟಾಗಿ ಹೋಗಿ, ಹಳ್ಳದ ಸೆಲೆಯಿದ್ದ ಬೆಟ್ಟದ ನೆತ್ತಿಗೆ ಕುರಿ ಹತ್ತದಂತೆ ಮುಳ್ಳುಬೇಲಿ ಹಾಕಿಸಿದ. ಬಣ್ಣಗಾರ ಉಗಿದ. ರೈತ ಗೊಣಗುತ್ತಲೇ ತಿಪ್ಪೆಯನ್ನು ಹಳ್ಳದ ದಂಡೆಯಿಂದ ಆಚೆಗೆ ಸಾಗಿಸಿದ. ಮೀನುಗಾರ್ತಿ ಉಗಿದಾಗ ಅವಳ ನಾಲಗೆ ನೀಲಿಯಾಗಿತ್ತು. ಬಣ್ಣಗಾರ ಅದನ್ನು ನೋಡಿ ಮೊದಲು ನಕ್ಕ. ಆಮೇಲೆ ಬಣ್ಣದ ನೀರು ಇಂಗಿಹೋಗಲು ದೊಡ್ಡ ಗುಂಡಿ ತೋಡಿಸಿದ. ಯಾರೂ ಯಾವುದನ್ನೂ ಸಂತೋಷದಿಂದ ಮಾಡಲಿಲ್ಲ. ಆದರೂ ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಹಳ್ಳ ತಿಳಿಯಾಯಿತು. ಕೆರೆಯಲ್ಲಿ ಮತ್ತೆ ಮೀನುಮರಿಗಳು ಕಾಣಿಸಿದವು.

ತೊಂದರೆ ಶುರುವಾದದ್ದು ಅಲ್ಲಿಂದ. ನಾಲ್ವರೂ ಒಬ್ಬರನ್ನೊಬ್ಬರು ಮೆಚ್ಚಿಕೊಂಡುಬಿಟ್ಟರು.

ಮುದುಕನಿಗೆ ಮಂಡಿನೋವು ಬಂದಾಗ ರೈತ ಗಾಡಿ ಕಳಿಸಿದ. ರೈತನ ಮನೆಯಲ್ಲಿ ಸಾವಾದಾಗ ಉಳಿದ ಮೂವರೂ ಹೋಗಿ ಕೂತರು. ಮೀನುಗಾರ್ತಿಯ ಮಗಳ ಮದುವೆಗೆ ಸೀರೆಯ ನೂಲಿಗೆ ಬಣ್ಣ ಹಾಕಿಕೊಟ್ಟವನು ಬಣ್ಣಗಾರನೇ. ಅಪ್ಪಟ ನೀಲಿ. ಎಷ್ಟು ಒಗೆದರೂ ಹೋಗುವುದಿಲ್ಲ ಅಕ್ಕ ಎಂದಿದ್ದ. ಹೋಗಲಿಲ್ಲ. ಮಂಟಪದಲ್ಲಿ ಈಗ ಬುತ್ತಿ ಬಿಚ್ಚಿ ಹಂಚಿಕೊಂಡು ಉಣ್ಣುತ್ತಿದ್ದರು. ದೂರದ ಊರುಗಳಿಂದ ಜನ ನೋಡಲು ಬರುತ್ತಿದ್ದರು. ಹಳ್ಳವನ್ನಲ್ಲ, ಕೂಟವನ್ನು. ನೋಡಿದವರು ಇಂಥ ಜನ ಎಲ್ಲ ಕಡೆಯೂ ಇರಬಾರದೇ ಎಂದು ಹೇಳಿ ಹೋಗುತ್ತಿದ್ದರು. ತಂಬಿಗೆಯ ನೀರನ್ನು ಯಾರೂ ಉಗಿಯುತ್ತಿರಲಿಲ್ಲ. ಕುಡಿದು, ತುಟಿ ಒರೆಸಿಕೊಂಡು, “ಚೆನ್ನಾಗಿದೆ” ಎನ್ನುತ್ತಿದ್ದರು. ನಿಜಕ್ಕೂ ಚೆನ್ನಾಗಿಯೇ ಇರುತ್ತಿತ್ತು.

ಕೆರೆ ಮಾತ್ರ ಚೆನ್ನಾಗಿರಲಿಲ್ಲ.

ಒಂದು ಬೇಸಿಗೆಯಲ್ಲಿ ಮೀನುಗಾರ್ತಿ ಬಲೆ ಎಳೆದಾಗ ಬಂದದ್ದರಲ್ಲಿ ಅರ್ಧ ಸತ್ತ ಮೀನು. ಮುಂದಿನ ಬೇಸಿಗೆಗೆ ಬಲೆ ಬೀಸುವ ಅಗತ್ಯವೇ ಬೀಳಲಿಲ್ಲ. ಮೀನುಗಳು ಹೊಟ್ಟೆ ಮೇಲಾಗಿ ತಾವೇ ದಡಕ್ಕೆ ಬರುತ್ತಿದ್ದವು. ನೀರಿಗಿಳಿದವರ ಕಾಲು ಕೆರೆಯುತ್ತಿತ್ತು. ಊರವರು ಏರಿಯ ಮೇಲೆ ಸೇರಿ ಮಾತಾಡಿದರು. ಬೆಟ್ಟದಾಚೆ ಇನ್ನೊಂದು ಕೆರೆಯಿದೆ, ಅಲ್ಲಿ ಗುಡಿಸಲು ಹಾಕಿಕೊಳ್ಳಲು ಬಿಡುತ್ತಾರಂತೆ, ಊರು ಬಿಟ್ಟು ಹೋಗೋಣ ಎಂಬುದು ಹೆಚ್ಚಿನವರ ಮಾತು. ಮೀನುಗಾರ್ತಿ ಒಪ್ಪಲಿಲ್ಲ. ಆ ಏರಿಗೆ ಅವಳು ಮಣ್ಣು ಹೊತ್ತಿದ್ದಳು. ಅವಳ ಗಂಡನನ್ನು ಹೂತದ್ದು ಅದರ ಬದಿಯಲ್ಲೇ.

“ಅಮಾವಾಸ್ಯೆ ಬರಲಿ. ಕೂಟದಲ್ಲಿ ಹೇಳುತ್ತೇನೆ” ಎಂದಳು.

ಅವಳ ಮೈದುನ ಬಾಯಿ ಜೋರಿನವನು. “ಹೇಳು ಅತ್ತಿಗೆ. ಬರುವಾಗ ಬುತ್ತಿಯಲ್ಲಿ ಏನಾದರೂ ಉಳಿದಿದ್ದರೆ ತಾ” ಎಂದ. ಜನ ನಕ್ಕರು. “ಈ ಸಲವೂ ನೀರು ಚೆನ್ನಾಗಿದೆ ಅಂತ ಬಂದೆಯಾದರೆ, ನಾವು ಗಾಡಿ ಕಟ್ಟುತ್ತೇವೆ. ಆಮೇಲೆ ನೀನು, ನಿನ್ನ ಕೂಟ, ನಿನ್ನ ಕೆರೆ.”

ಅಮಾವಾಸ್ಯೆಯ ದಿನ ಅವಳು ಎಂದಿನಂತೆ ತಂಬಿಗೆ ತುಂಬಿಕೊಂಡು ಹೊರಟಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡಳು. ಮಂಟಪದಲ್ಲಿ ಬಣ್ಣಗಾರ ತನ್ನ ತಂಬಿಗೆಯನ್ನು ಅವಳ ಕೈಗಿಟ್ಟ. “ಕುಡಿ ಅಕ್ಕ. ಬಿಸಿಲಲ್ಲಿ ಬಂದಿದ್ದೀಯ.”

ಅವಳು ಕುಡಿದಳು. ತಣ್ಣಗಿತ್ತು, ಸಿಹಿಯಾಗಿತ್ತು. ಬೇಸಿಗೆಯಲ್ಲಿ ಹಳ್ಳದ ನೀರು ತಣ್ಣಗಿರುವುದಿಲ್ಲ. ಇದು ಬಾವಿಯ ನೀರು. ಅದೂ ಆಳದ ಬಾವಿ. ಅವಳಿಗೆ ಇದು ಇವತ್ತು ಹೊಸದಾಗಿ ತಿಳಿದದ್ದೇನಲ್ಲ. ಹಿಂದೆಯೂ ಎಷ್ಟೋ ಸಲ ನಾಲಗೆಗೆ ತಿಳಿದಿತ್ತು, ಅವಳು ಅದನ್ನು ತಲೆಯವರೆಗೆ ಬಿಟ್ಟುಕೊಂಡಿರಲಿಲ್ಲ. ಇವತ್ತು ಬಿಟ್ಟುಕೊಂಡಳು. ಇದು ಎಲ್ಲಿಯ ನೀರು ಎಂದು ಕೇಳಲು ಬಾಯಿ ತೆರೆದಳು.

ಅಷ್ಟರಲ್ಲಿ ಮುದುಕ ಅವಳತ್ತ ಕೈ ಚಾಚಿದ. “ನನ್ನ ಪಾಲಿನದು ಕೊಡು ತಾಯಿ. ಗಂಟಲು ಒಣಗಿದೆ.”

ಮೀನುಗಾರ್ತಿ ತನ್ನ ತಂಬಿಗೆಯನ್ನು ನೋಡಿದಳು. ಅದರಲ್ಲಿದ್ದದ್ದು ಅವಳೂರಿನ ಗುಡಿಯ ಬಾವಿಯ ನೀರು.

ಎಂದಿನಿಂದ ಹಾಗೆ ಮಾಡುತ್ತಿದ್ದಳೆಂದು ಅವಳಿಗೇ ನೆನಪಿರಲಿಲ್ಲ. ಅಷ್ಟು ದೂರದಿಂದ ಮಂಡಿ ಹಿಡಿದುಕೊಂಡು ಇಳಿದು ಬರುವ ಮುದುಕನಿಗೆ ಕೆರೆಯ ಬಗ್ಗಡ ಹೇಗೆ ಕೊಡುವುದು? ಒಂದು ಸಲ ಮನಸ್ಸು ಬರಲಿಲ್ಲ. ಆಮೇಲೆ ಅದೇ ರೂಢಿಯಾಯಿತು. ಕೂಟದ ಮರ್ಯಾದೆಯ ಪ್ರಶ್ನೆ ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಬಣ್ಣಗಾರನೂ ಹಾಗೇ ಹೇಳಿಕೊಂಡಿರಬೇಕು. ತನ್ನ ಕೈಯಲ್ಲಿ ಬಾವಿಯ ನೀರು ಹಿಡಿದು ಅವನ ಬಾವಿಯ ಲೆಕ್ಕ ಕೇಳುವುದು ಹೇಗೆ?

ತಂಬಿಗೆಯನ್ನು ಮುದುಕನಿಗೆ ಕೊಟ್ಟಳು. ಅವನು ಕುಡಿದು “ಚೆನ್ನಾಗಿದೆ” ಎಂದ. ಅವಳೂ “ಚೆನ್ನಾಗಿದೆ” ಎಂದಳು. ಎಲ್ಲರೂ ಬುತ್ತಿ ಬಿಚ್ಚಿದರು.

ಊರ ಬಾಗಿಲಲ್ಲೇ ಮೈದುನ ಕೂತಿದ್ದ. ಅವಳ ಮುಖ ನೋಡಿ ಅವನು ಏನೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಊರಿನಲ್ಲಿ ಗಾಡಿಯ ಚಕ್ರಕ್ಕೆ ಕಬ್ಬಿಣದ ಹಳಿ ಬಡಿಯುವ ಸದ್ದು ಕೇಳಿತು. ಎಲ್ಲ ಗಾಡಿ ಸರಿಮಾಡಲು ಒಂದು ತಿಂಗಳು ಬೇಕಿತ್ತು. ಅವಳಿಗೆ ಉಳಿದದ್ದು ಅಷ್ಟೇ ಸಮಯ, ಇನ್ನೊಂದು ಅಮಾವಾಸ್ಯೆ.

ಈ ಸಲ ಅವಳು ಗುಡಿಯ ಬಾವಿಗೆ ಹೋಗಲಿಲ್ಲ. ಕೆರೆಯ ಅಂಚಿನಲ್ಲಿ ತಂಬಿಗೆ ಅದ್ದಿದಳು. ಅದರ ಬಾಯಿಗೆ ಎಲೆ ಮುಚ್ಚಿ ಬಟ್ಟೆ ಕಟ್ಟಿದಳು. ದಾರಿಯಲ್ಲಿ ಎರಡು ಸಲ ನಿಂತು, ಚೆಲ್ಲಿಬಿಡಲೇ ಎಂದುಕೊಂಡಳು. ಅವಳ ಲೆಕ್ಕ ಸರಳವಾಗಿತ್ತು. ತಂಬಿಗೆ ಮೂಗಿನ ಹತ್ತಿರ ಹೋದರೆ ಸಾಕು, ಮುದುಕ ಕೆಳಗಿಡುತ್ತಾನೆ, ಏನಿದು ಎನ್ನುತ್ತಾನೆ, ಆಗ ತಾನು ಹೇಳುವುದು. ಅಷ್ಟು ವರ್ಷ ಜೊತೆಗೆ ಕೂತು ಉಂಡರೂ ಅವಳಿಗೆ ಮುದುಕ ಎಂಥವನೆಂದು ತಿಳಿದಿರಲಿಲ್ಲ.

ಮುದುಕ ತಂಬಿಗೆಗೆ ಕಟ್ಟಿದ ಬಟ್ಟೆ ಬಿಚ್ಚಿ ಬಾಯಿಯ ಹತ್ತಿರ ಒಯ್ದ. ವಾಸನೆ ಪಕ್ಕದಲ್ಲಿ ಕೂತ ರೈತನಿಗೂ ಬಡಿಯಿತು. ಮುದುಕ ಒಂದು ಗಳಿಗೆ ತಡೆದ. ಅವಳ ಮುಖ ನೋಡಿದ. ಪಾಪ, ಇವಳಿಗೆ ಇವತ್ತು ಬೇರೆ ನೀರು ಸಿಗಲಿಲ್ಲ ಎಂದುಕೊಂಡನೋ ಏನೋ. ಎತ್ತಿ ಗಟಗಟ ಕುಡಿದ. ಅವಳು ಕೈ ಚಾಚುವಷ್ಟರಲ್ಲಿ ಅರ್ಧ ಗಂಟಲಿಗೆ ಇಳಿದಿತ್ತು. ಮುದುಕ ತುಟಿ ಒರೆಸಿಕೊಂಡ.

“ಚೆನ್ನಾಗಿದೆ” ಎಂದ.

ಆಮೇಲೆ ಎದ್ದು, ಕಂಬ ಹಿಡಿದುಕೊಂಡು, ಮಂಟಪದ ಹಿಂದಕ್ಕೆ ಹೋಗಿ ವಾಂತಿ ಮಾಡಿದ.

ಅವನು ತಿರುಗಿ ಬಂದು ಕೂರುವವರೆಗೆ ಮೀನುಗಾರ್ತಿ ಕಾದಳು. “ಅಜ್ಜ, ನೀವು ಸುಳ್ಳು ಹೇಳಿದಿರಿ” ಎಂದಳು.

ಆ ಮಂಟಪದಲ್ಲಿ ಎಷ್ಟೋ ವರ್ಷದಿಂದ ಯಾರೂ ಅಂಥ ಮಾತಾಡಿರಲಿಲ್ಲ. ಬಣ್ಣಗಾರನಿಗೆ ಮೈ ಉರಿಯಿತು. “ವಿಷ ಕುಡಿಸಿದ್ದಲ್ಲದೆ ಸುಳ್ಳುಗಾರ ಬೇರೆ ಅನ್ನುತ್ತೀಯಾ? ಹಿರಿಯರು ಅಂತ ಮರ್ಯಾದೆ ಬೇಡವೇ ಅಕ್ಕ?”

“ಅದು ವಿಷ ಅಂತ ನಿನಗೆ ಹೇಗೆ ಗೊತ್ತು ತಮ್ಮ? ನೀನಿನ್ನೂ ಕುಡಿದೇ ಇಲ್ಲ.”

ಬಣ್ಣಗಾರ ತನ್ನ ತಂಬಿಗೆಯನ್ನು ಹಿಂದಕ್ಕೆ ಎಳೆದುಕೊಂಡ.

“ನಿನ್ನ ತಂಬಿಗೆಯಲ್ಲಿರುವುದು ಯಾವ ಬಾವಿಯ ನೀರು?”

“ಬಾವಿಯದೇ” ಎಂದ ಬಣ್ಣಗಾರ. “ಗುಂಡಿ ತುಂಬಿ ಎಷ್ಟೋ ಕಾಲವಾಯಿತು. ಹೊಸ ಗುಂಡಿಗೆ ಜಾಗವಿಲ್ಲ. ಬಣ್ಣವೆಲ್ಲ ಹಳ್ಳಕ್ಕೇ ಹೋಗುತ್ತಿದೆ. ಅದನ್ನು ತಂದು ನಿನ್ನ ಕೈಗೆ ಹೇಗೆ ಕೊಡಲಿ? ನನ್ನನ್ನು ತಮ್ಮ ಅಂತ ಕರೆಯುವವಳು ನೀನು.”

“ಅದಕ್ಕೆ ಕೈಗೆ ಕೊಡಲಿಲ್ಲ, ಕೆರೆಗೆ ಕೊಟ್ಟೆ.”

“ನೀನೇನು ಕೊಟ್ಟೆ? ಇಷ್ಟು ವರ್ಷ ಅಜ್ಜನಿಗೆ ಕೊಟ್ಟದ್ದು ಈ ನೀರೇ ಏನು?”

“ಅಲ್ಲ. ಗುಡಿಯ ಬಾವಿಯದು” ಎಂದಳು.

ರೈತ ಅಲ್ಲಿಯವರೆಗೆ ನೆಲ ನೋಡುತ್ತ ಕೂತಿದ್ದ. ಅವನು ತನ್ನ ತಂಬಿಗೆಯ ನೀರನ್ನು ಮೆಲ್ಲಗೆ ಕಲ್ಲಿನ ಮೇಲೆ ಸುರಿದ. “ಇದೂ ಬಾವಿಯದೇ” ಎಂದ. “ಹಳ್ಳದ್ದು ತರೋಣವೆಂದರೆ ನಮ್ಮಲ್ಲಿ ಹಳ್ಳವೇ ಇಲ್ಲ. ಮಳೆಗಾಲ ಮುಗಿದ ತಿಂಗಳಿಗೆ ಬೆಟ್ಟದಿಂದ ಬರುವುದು ಮರಳು. ನೋಡಿದ್ದೆ. ಅಜ್ಜನಿಗೆ ಯಾಕೆ ನೋವು ಕೊಡುವುದು ಅಂತ ಹೇಳಲಿಲ್ಲ.”

ಮೂವರೂ ಮುದುಕನ ಕಡೆ ತಿರುಗಿದರು.

“ಸೆಲೆ ಬತ್ತಿದೆ” ಎಂದ ಮುದುಕ. “ನಾನು ತರುವುದು ಬಂಡೆಯ ಹೊಂಡದಲ್ಲಿ ನಿಂತ ಮಳೆನೀರು. ಮೊಮ್ಮಕ್ಕಳು ಬೇಲಿ ಕಿತ್ತು ನೆತ್ತಿಗೆ ಕುರಿ ಬಿಟ್ಟರು, ಅಲ್ಲಿನ ಹಸಿರೆಲ್ಲ ಹೋಯಿತು. ಬೇಡ ಎನ್ನಬೇಕಿತ್ತು. ಎಲ್ಲ ಒಟ್ಟಿಗಿದ್ದಾರೆ, ಈ ವಯಸ್ಸಿನಲ್ಲಿ ಮನೆಯೊಳಗೆ ಜಗಳ ಯಾಕೆ ಅಂದುಕೊಂಡೆ.”

ಹಳ್ಳ ಕಾಯಲು ಸೇರಿದವರು ನಾಲ್ವರು, ತಂಬಿಗೆ ನಾಲ್ಕು. ಈಚಿನ ಎಷ್ಟೋ ವರ್ಷಗಳಲ್ಲಿ ಅಲ್ಲಿಗೆ ಬಂದ ಹಳ್ಳದ ನೀರೆಂದರೆ ಆ ದಿನ ಮುದುಕ ಕುಡಿದದ್ದೇ. ಅದೂ ಈಗ ಮಂಟಪದ ಹಿಂದೆ ಬಿದ್ದಿತ್ತು.

ಆಮೇಲೆ ಆದದ್ದು ಜಗಳ. ಸಣ್ಣ ಜಗಳವಲ್ಲ. ಬೆಟ್ಟ ಬೋಳಾದದ್ದರಿಂದಲೇ ಎಲ್ಲ ಕೆಟ್ಟಿತೆಂದು ಬಣ್ಣಗಾರ. ಮೇಲಿಂದ ನೀರು ಬರಲಿ, ಬರದಿರಲಿ, ಕೆಳಗೆ ಬಣ್ಣ ಬಿಡಲು ಹೇಳಿದವರು ಯಾರೆಂದು ರೈತ. ನಿನ್ನ ಹೊಲದಿಂದ ಬಸಿದು ಬರುವ ಗೊಬ್ಬರದ ನೀರೇನು ತೀರ್ಥವೇ ಎಂದು ಬಣ್ಣಗಾರ. ಮಗಳ ಮದುವೆಯ ಸೀರೆಯ ಮಾತೂ ಬಂತು. ಗಾಡಿ ಕಳಿಸಿದ ಮಾತೂ ಬಂತು. ಸಾವಿನ ಮನೆಗೆ ಬಂದು ಕೂತ ಮಾತು ಬರಬಾರದಿತ್ತು. ಅದೂ ಬಂತು. ಬಣ್ಣಗಾರ ಎದ್ದು, “ಇನ್ನು ನಾನು ಇಲ್ಲಿಗೆ ಬರುವವನಲ್ಲ” ಎಂದು ಹೊರಟುಹೋದ. ಬುತ್ತಿ ಯಾರೂ ಬಿಚ್ಚಲಿಲ್ಲ.

ಮೀನುಗಾರ್ತಿ ಊರಿಗೆ ಬಂದಾಗ ಗಾಡಿಗಳಿಗೆ ಸಾಮಾನು ಏರುತ್ತಿತ್ತು. ಮೈದುನ ಹಗ್ಗ ಬಿಗಿಯುತ್ತ, “ಏನತ್ತಿಗೆ, ನೀರು ಹೇಗಿತ್ತು?” ಎಂದ.

“ಕೆಟ್ಟದಾಗಿತ್ತು. ಹಾಗಂತ ಹೇಳಿದೆ. ಕೂಟ ಮುರಿಯಿತು.”

ಮೈದುನ ಹಗ್ಗ ಬಿಟ್ಟು ಅವಳನ್ನೇ ನೋಡಿದ. “ಯಾರು ಯಾರಿಗೆ ಏನಂದರು, ಹೇಳು” ಎಂದ. ಜಗಳದ ವಿಷಯದಲ್ಲಿ ಅವನಿಗೆ ಅನುಭವವಿತ್ತು. ಅವಳು ಏರಿಯ ಮೇಲೆ ಕೂತು ಎಲ್ಲ ಹೇಳಿದಳು, ಗುಡಿಯ ಬಾವಿಯ ನೀರಿನ ಸಂಗತಿಯನ್ನೂ ಬಿಡದೆ. ಅವನು ಬಹಳ ಹೊತ್ತು ಕೇಳಿಸಿಕೊಂಡ. “ಅಜ್ಜ ಕುಡಿದೇಬಿಟ್ಟನೇ?” ಎಂದು ಎರಡು ಸಲ ಕೇಳಿದ. ಕೊನೆಗೆ, “ಇನ್ನೊಂದು ಅಮಾವಾಸ್ಯೆ ನೋಡೋಣ” ಎಂದು ಗಾಡಿಯಿಂದ ತನ್ನ ಬಲೆಯನ್ನಷ್ಟೇ ಇಳಿಸಿಕೊಂಡ. ಮಿಕ್ಕ ಸಾಮಾನು ಗಾಡಿಯಲ್ಲೇ ಇತ್ತು. ಅವನ ಹಾಗೆ ಇನ್ನು ಕೆಲವರು ನಿಂತರು. ಅರ್ಧ ಊರು ಹೊರಟೇ ಹೋಯಿತು.

ಮುಂದಿನ ಅಮಾವಾಸ್ಯೆಗೆ ಅವಳು ಹೋದಾಗ ಮಂಟಪದಲ್ಲಿ ರೈತ ಮತ್ತು ಮುದುಕ ದೂರ ದೂರ ಕೂತಿದ್ದರು. ಮುದುಕ ಇನ್ನೂ ಸೊರಗಿದ್ದ. ಅವನು ರೈತನ ಮುಂದೆ ತಂಬಿಗೆ ಇಟ್ಟ. ಅದು ಖಾಲಿಯಿತ್ತು. ರೈತ ಅದರೊಳಗೆ ನೋಡಿ ಪಕ್ಕಕ್ಕಿಟ್ಟುಕೊಂಡ. ಮೂವರೂ ಕಾದರು. ಮಧ್ಯಾಹ್ನ ಕಳೆಯಿತು. ಬಣ್ಣಗಾರ ಬರಲಿಲ್ಲ. ಅವನು ಬಾರದೆ ಮಾತು ಮುಂದೆ ಹೋಗುವಂತಿರಲಿಲ್ಲ, ಕೆರೆಯನ್ನು ಕೊಲ್ಲುತ್ತಿದ್ದದ್ದು ಅವನ ನೀರು. ಇನ್ನು ಏಳೋಣ ಎಂದು ಮೀನುಗಾರ್ತಿ ಸೆರಗು ಕೊಡವಿದಳು. ಮನಸ್ಸಿನಲ್ಲಿ ಅವಳು ಆಗಲೇ ಗಾಡಿ ಹತ್ತಿದ್ದಳು.

ಆಗ ಬಣ್ಣಗಾರ ಬಂದ. ಯಾರಿಗೂ ನಮಸ್ಕಾರ ಹೇಳಲಿಲ್ಲ. ತಂಬಿಗೆಯನ್ನು ಅವಳ ಮುಂದಿಟ್ಟ. ಅದರ ನೀರು ಕಡುನೀಲಿಯಾಗಿತ್ತು.

“ಕುಡಿಯಬೇಡ ಅಕ್ಕ” ಎಂದ.

ಅವಳು ಕುಡಿಯಲಿಲ್ಲ. ನಾಲ್ವರೂ ಅದನ್ನು ನೋಡುತ್ತ ಕೂತರು. ಆಮೇಲೆ ರೈತ, “ನನ್ನ ಹೊಲದ ಮೂಲೆಯಲ್ಲಿ ಒಂದು ಪಾಳು ನೆಲವಿದೆ. ಹೊಸ ಗುಂಡಿ ಅಲ್ಲಿ ತೋಡು. ಆದರೆ ನನ್ನ ಬಾವಿಗೆ ಬಣ್ಣ ಬಂದರೆ ನಿನ್ನನ್ನು ಬಿಡುವುದಿಲ್ಲ” ಎಂದ. ಬರುತ್ತದೆ, ಬರುವುದಿಲ್ಲ ಎಂದು ಮತ್ತೆ ಜಗಳ ಶುರುವಾಯಿತು. ಕತ್ತಲಾಗುವವರೆಗೆ ನಡೆಯಿತು. ಮುದುಕನ ಮೊಮ್ಮಕ್ಕಳನ್ನು ಮುಂದಿನ ಸಲ ಎಳೆದುಕೊಂಡು ಬರಬೇಕೆಂದು ಮಾತಾಯಿತು. ಅವರು ಬಾರದಿದ್ದರೆ ತನ್ನ ಮೈದುನನನ್ನು ಬೆಟ್ಟಕ್ಕೆ ಕಳಿಸುತ್ತೇನೆಂದು ಮೀನುಗಾರ್ತಿ ಹೇಳಿದಾಗ ಮುದುಕನಿಗೆ ನಗು ಬಂತು.

ಹಳ್ಳ ಮತ್ತೆ ತಿಳಿಯಾಯಿತೆಂದು ಹೇಳುವವರಿದ್ದಾರೆ. ಅಷ್ಟು ಬೇಗ ಆಗುವ ಕೆಲಸವಲ್ಲ ಅದು. ಮುದುಕ ಅದನ್ನು ನೋಡಲು ಉಳಿಯಲಿಲ್ಲ. ಹೋದ ಗಾಡಿಗಳಲ್ಲಿ ಹೆಚ್ಚಿನವು ತಿರುಗಿ ಬರಲಿಲ್ಲ. ಮೀನುಗಾರ್ತಿ ಮಾತ್ರ ಏರಿ ಬಿಟ್ಟು ಹೋಗಲಿಲ್ಲ. ಪ್ರತಿ ಅಮಾವಾಸ್ಯೆ ಮಂಟಪದಿಂದ ಸಿಟ್ಟು ಮಾಡಿಕೊಂಡು ಬರುತ್ತಿದ್ದಳು, ಮುಂದಿನ ಅಮಾವಾಸ್ಯೆ ಮತ್ತೆ ಹೋಗುತ್ತಿದ್ದಳು.

ಗುರು ಕತೆ ನಿಲ್ಲಿಸಿದರು.

ಶಿಷ್ಯ ತಲೆದೂಗಿದ. “ತಿಳಿಯಿತು ಗುರುಗಳೇ. ಅವರು ಕೆಟ್ಟವರೇನಲ್ಲ. ಒಬ್ಬರ ಮನಸ್ಸನ್ನು ಒಬ್ಬರು ನೋಯಿಸಲಾರದೆ ಹೋದರು, ಅಷ್ಟೇ. ತಾವು ಹೇಳುವುದು ಎಂದಿನಂತೆ ಸರಿಯಾಗಿಯೇ ಇದೆ.”

“ನೀನು ನನ್ನ ಹತ್ತಿರ ಬಂದು ಹನ್ನೆರಡು ವರ್ಷವಾಯಿತು” ಎಂದರು ಗುರು. “ಅಷ್ಟು ವರ್ಷದಲ್ಲಿ ನಾನು ಒಮ್ಮೆಯೂ ತಪ್ಪು ಹೇಳಲಿಲ್ಲವೇ?”